“ನನ್ನ ಫೋಟೋ ಹೇಗಿದೆ ಹೇಳಿ” - ಮಕ್ಕಳ ಈ ಪ್ರಶ್ನೆಗೆ ನಮ್ಮ ಉತ್ತರವೇನು?



ಮಲೆನಾಡಿನ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದಾಗ ನಡೆದ ಸಂಗತಿ ಇದು. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು ಮುಗಿದ ಮೇಲೆ ಒಬ್ಬ ಸದಸ್ಯೆ ಎದ್ದು ನಿಂತರು. “ಸಿಸ್ಟರ್, ನಂಗೆ ನಲ್ವತ್ತು ಸಾವಿರ ಸಾಲ ಬೇಕಿತ್ತು. ಮಗಳಿಗೆ ಕ್ಯಾಮೆರಾ ತೆಗೆಸ್ಬೇಕು” ಅಂದರು. ಮಗಳಿಗೆ ಹದಿನಾರು ವರ್ಷ, ಮೊದಲ ಪಿಯುಸಿ. ತಾಯಿಯ ಮೊಬೈಲ್‌ನಲ್ಲಿ ಫೋಟೋ ತೆಗೆಯುವುದೆಂದರೆ ಅವಳಿಗೆ ಊಟ ತಿಂಡಿ ಬೇಡ. ಈಗ ಕಾಲೇಜು ಬಿಟ್ಟು ಪೇಟೆಯ ಸ್ಟುಡಿಯೋ ಸೇರುತ್ತೇನೆ, ಫೋಟೋಗ್ರಾಫರ್ ಆಗುತ್ತೇನೆ ಎಂದು ಹಟ ಹಿಡಿದಿದ್ದಳು.

ಸಭೆಯಲ್ಲಿ ಕೂಡಲೇ ಎರಡು ಮಾತು ಬಂತು. “ಹೆಣ್ಣು ಹುಡುಗಿಗೆ ಯಾಕವ್ವಾ ಕ್ಯಾಮೆರಾ? ಮದುವೆ ಮನೆಗಳಲ್ಲಿ ರಾತ್ರಿಯೆಲ್ಲ ಓಡಾಡೋ ಕೆಲಸ ಅದು” ಎಂದರು ಕೆಲವರು. “ಪಾಪ, ಎಷ್ಟು ಚೆಂದ ತೆಗೀತಾಳೆ, ಕೊಡ್ಸಿ” ಎಂದರು ಉಳಿದವರು. ಹುಡುಗಿ ಬಾಗಿಲ ಹತ್ತಿರ ನಿಂತು ಎಲ್ಲ ಕೇಳುತ್ತಿದ್ದಳು. ಆಮೇಲೆ ನಮ್ಮೊಡನೆ ಹೇಳಿದಳು: “ಎಲ್ರೂ ಚೆನ್ನಾಗಿದೆ ಅಂತಾರೆ ಸಿಸ್ಟರ್. ಆದ್ರೆ ಯಾರೂ ಸರಿಯಾಗಿ ನೋಡೋದೇ ಇಲ್ಲ.”

ಈ ಮಾತು ನಮ್ಮ ಮನಸ್ಸಿಗೆ ನಾಟಿತು. ಬೈದವರೂ ಫೋಟೋ ನೋಡಿರಲಿಲ್ಲ, ಹೊಗಳಿದವರೂ ನೋಡಿರಲಿಲ್ಲ. ಇಂಥ ಮಕ್ಕಳು ಈಗ ಬಹಳ ಮನೆಗಳಲ್ಲಿದ್ದಾರೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ನೋಡಿ ಹೇಳುವುದು ಹೇಗೆ?

“ನಮಗೆ ಓದು ಬರಹವೇ ಅಷ್ಟಕ್ಕಷ್ಟೆ, ಫೋಟೋ ಬಗ್ಗೆ ಏನು ಹೇಳೋದು?” ಎಂದು ನೀವು ಕೇಳಬಹುದು. ಅಡಿಕೆ ವಿಂಗಡಿಸುವಾಗ ಹಸ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಕಣ್ಣಿನಲ್ಲೇ ಹೇಳುವವರು ನೀವು. ನೋಡುವ ಕಣ್ಣು ನಿಮಗಿದೆ, ಅದನ್ನು ಫೋಟೋದ ಮೇಲೂ ಇಡಬೇಕು, ಅಷ್ಟೆ.

ಆ ದಿನವೂ ಹಾಗೇ ಆಯಿತು. ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಫೋಟೋ ಒಂದಿತ್ತು. ಸಂಘದ ಹಿರಿಯ ಸದಸ್ಯೆಯೊಬ್ಬರು ಮೊಬೈಲನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿ, “ಅಜ್ಜಿ ಮುಖ ಬಂದೈತೆ ಮಗಾ. ಆದ್ರೆ ಸುಲಿಯೋ ಕೈಯೇ ಕಾಣ್ತಿಲ್ವಲ್ಲ?” ಎಂದರು. ಹಿಂದಿನ ಬಾಗಿಲಿನಿಂದ ಬಿಸಿಲು ಹೊಡೆದು ಕೈ ಕತ್ತಲಾಗಿತ್ತು. ಹುಡುಗಿ ಮರುವಾರ ಅದೇ ಅಜ್ಜಿಯ ಫೋಟೋ ತಂದಳು. ಈ ಸಲ ಬೆಳಕು ಪಕ್ಕದಿಂದ ಬಿದ್ದಿತ್ತು, ಬೆರಳಿನ ಕಪ್ಪು ಕಲೆ ಸಹ ಕಾಣುತ್ತಿತ್ತು. ನೂರು ಸಲ “ಚೆನ್ನಾಗಿದೆ” ಅಂದದ್ದಕ್ಕಿಂತ ಆ ಒಂದು ಮಾತಿನಿಂದ ಅವಳು ಹೆಚ್ಚು ಕಲಿತಳು.

ಮಕ್ಕಳು ಫೋಟೋ ತಂದಾಗ ಈ ನಾಲ್ಕು ಪ್ರಶ್ನೆ ಕೇಳಿ:

1. ಇದರಲ್ಲಿ ನೀನು ಏನು ತೋರಿಸಬೇಕೆಂದಿದ್ದೆ? ನೋಡಿದ ಕೂಡಲೇ ನಮ್ಮ ಕಣ್ಣು ಅಲ್ಲಿಗೇ ಹೋಗುತ್ತದೆಯೇ?
2. ಬೆಳಕು ಎಲ್ಲಿಂದ ಬಿದ್ದಿದೆ? ಮುಖದ ಮೇಲೆ ಬಿದ್ದಿದೆಯೋ, ಬೆನ್ನ ಹಿಂದೆ ಇದೆಯೋ? ನಡು ಮಧ್ಯಾಹ್ನದ ಬಿಸಿಲಿಗಿಂತ ಬೆಳಗಿನ ಮತ್ತು ಸಂಜೆಯ ಬೆಳಕು ಮೃದುವಾಗಿರುತ್ತದೆ.
3. ಬೇಡದ್ದು ಏನಾದರೂ ಸೇರಿದೆಯೇ? ತಲೆಯ ಹಿಂದೆ ಕಂಬ, ಮೂಲೆಯಲ್ಲಿ ಬಕೆಟ್ಟು, ಒಣಗಿಸಿದ ಬಟ್ಟೆ?
4. ಇನ್ನೊಮ್ಮೆ ತೆಗೆದರೆ ಏನು ಬದಲಾಯಿಸುತ್ತೀ?

ಮಕ್ಕಳಿಗೂ ಒಂದು ಮಾತು. ನೂರು ಫೋಟೋ ತೋರಿಸಬೇಡಿ, ಹತ್ತು ಆರಿಸಿ ತನ್ನಿ. ಆರಿಸುವುದೂ ಕಲಿಕೆಯೇ. “ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉತ್ತರವೇ ಬರುತ್ತದೆ. “ಎಲ್ಲಿ ತಪ್ಪಿದ್ದೇನೆ?” ಎಂದು ಕೇಳಿ. ಮನೆಯವರ ಜೊತೆಗೆ ಊರಿನ ಸ್ಟುಡಿಯೋದವರಿಗೆ, ಶಾಲೆಯ ಚಿತ್ರಕಲಾ ಶಿಕ್ಷಕರಿಗೆ ತೋರಿಸಿ. ತಪ್ಪು ಹೇಳಿದರೆಂದು ಮುಖ ಊದಿಸಿಕೊಳ್ಳುವವರಿಗೆ ಈ ಕಸುಬು ಕಷ್ಟ. ನಾಳೆ ಹಣ ಕೊಡುವ ಗಿರಾಕಿ ಇನ್ನೂ ಗಟ್ಟಿಯಾಗಿ ಹೇಳುತ್ತಾನೆ.

ಹೆಣ್ಣುಮಕ್ಕಳಿಗೆ ಆಗುವ ಕೆಲಸವೇ?

ಹೋಮೈ ವ್ಯಾರವಾಲಾ ಎಂಬ ಮಹಿಳೆ 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದವರು. ದೆಹಲಿಯಲ್ಲಿ ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು ಗಂಡಸರ ನಡುವೆ ಕೆಲಸ ಮಾಡಿದರು. 1947ರಲ್ಲಿ ಸ್ವಾತಂತ್ರ್ಯ ಬಂದ ದಿನಗಳ ಚಿತ್ರ ತೆಗೆದವರಲ್ಲಿ ಅವರೂ ಒಬ್ಬರು. ಆರಂಭದಲ್ಲಿ ಅವರು ತೆಗೆದ ಚಿತ್ರಗಳು ಅಚ್ಚಾಗುತ್ತಿದ್ದದ್ದು ಗಂಡನ ಹೆಸರಿನಲ್ಲಿ! 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು, ಅವರದೇ ಹೆಸರಿನಲ್ಲಿ. 2012ರಲ್ಲಿ ತೀರಿಕೊಂಡರು.

ಸಾಲ ನಮ್ಮ ಹೆಸರಲ್ಲಿ, ಅಂಗಡಿ ಬೋರ್ಡು ಮನೆಯ ಗಂಡಸರ ಹೆಸರಲ್ಲಿ ಇರುವುದನ್ನು ನಾವು ಸಂಘಗಳಲ್ಲೂ ಕಾಣುತ್ತೇವೆ ಅಲ್ಲವೇ? ಮಗಳು ದುಡಿದರೆ ಹೆಸರೂ ಅವಳದೇ ಇರಲಿ, ಬ್ಯಾಂಕ್ ಖಾತೆಯೂ ಅವಳದೇ ಇರಲಿ.

ನಮ್ಮ ನಾಡಿನವರ ಉದಾಹರಣೆಯೂ ಇದೆ. 1923ರಲ್ಲಿ ಹುಟ್ಟಿದ ಮೈಸೂರಿನ ಟಿ.ಎಸ್. ಸತ್ಯನ್ ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದು, ಪತ್ರಿಕಾ ಛಾಯಾಗ್ರಾಹಕರಾದರು. ದೊಡ್ಡವರ ಚಿತ್ರಗಳಿಗಿಂತ ಸಾಮಾನ್ಯ ಜನರ, ಮಕ್ಕಳ ಚಿತ್ರಗಳಿಂದ ಹೆಸರು ಮಾಡಿದರು. ಸಿಡುಬು ನಿರ್ಮೂಲನದ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಪಡೆದರು. ಓದನ್ನು ಬಿಟ್ಟು ಕ್ಯಾಮೆರಾ ಹಿಡಿಯಬೇಕಾಗಿಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಆದಾಯ ಮತ್ತು ಸಾಲದ ಲೆಕ್ಕ

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. “ಫೋಟೋ ತೆಗೆಯಲು ಯಾರು ದುಡ್ಡು ಕೊಡ್ತಾರೆ?” ಎಂಬ ಪ್ರಶ್ನೆ ಸರಿಯಾದದ್ದೇ. ಆದರೂ ಮದುವೆ, ಸೀಮಂತ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಪಾಸ್‌ಪೋರ್ಟ್ ಸೈಜ್ ಫೋಟೋ, ಮಾರಾಟದ ವಸ್ತುಗಳ ಫೋಟೋ, ವಿಡಿಯೋ - ಈ ಕೆಲಸಗಳಿಗೆ ಜನ ಬೇಕು. ಇದು ವರ್ಷವಿಡೀ ಒಂದೇ ಸಮ ಬರುವ ಆದಾಯವಲ್ಲ. ಮದುವೆ ಕಾಲದಲ್ಲಿ ಬಿಡುವಿಲ್ಲದ ಕೆಲಸ; ಆಷಾಢದಲ್ಲಿ, ಧನುರ್ಮಾಸದಲ್ಲಿ ಕೈ ಖಾಲಿ. ಕ್ಯಾಮೆರಾ ಒಂದೇ ಸಾಕಾಗುವುದೂ ಇಲ್ಲ. ಲೆನ್ಸು, ಬ್ಯಾಟರಿ, ಮೆಮೊರಿ ಕಾರ್ಡು, ಕಂಪ್ಯೂಟರು, ಆಲ್ಬಮ್ ಮಾಡಿಸುವ ಖರ್ಚು ಹಿಂದೆಯೇ ಬರುತ್ತದೆ.

ಆ ಸಭೆಯಲ್ಲಿ ನಾವು ಬೋರ್ಡಿನ ಮೇಲೆ ಲೆಕ್ಕ ಬರೆದೆವು. 40,000 ರೂಪಾಯಿ ಆಂತರಿಕ ಸಾಲ, ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ, 20 ಕಂತು ಎಂದಿಟ್ಟುಕೊಳ್ಳಿ. ಅಸಲು ತಿಂಗಳಿಗೆ 2,000. ಮೊದಲ ತಿಂಗಳ ಬಡ್ಡಿ 400, ಒಟ್ಟು 2,400. ಅಸಲು ಇಳಿದಂತೆ ಬಡ್ಡಿಯೂ ಇಳಿದು, 20 ತಿಂಗಳಿಗೆ ಬಡ್ಡಿ 4,200 ಆಗುತ್ತದೆ. ಒಟ್ಟು ಕಟ್ಟುವುದು 44,200. ಆಷಾಢದಲ್ಲಿ ಮದುವೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿಗೆ ಆದಾಯವಿಲ್ಲ. ಹಾಗಾದರೆ ಕಂತು ಯಾರ ಕೂಲಿಯಿಂದ? ತಾಯಿ ಬೋರ್ಡು ನೋಡುತ್ತಾ ಸುಮ್ಮನೆ ಕುಳಿತರು. ಮಗಳೂ ಸುಮ್ಮನಾದಳು.

ಕಲಿಯುವ ದಾರಿಗಳು

ಸಾಲಕ್ಕಿಂತ ಮೊದಲು ಕಲಿಕೆ ಇರಲಿ. ಹದಿನೆಂಟು ತುಂಬಿದವರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಇವುಗಳಿಗೆ ಮಾದರಿ. ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತಾರೆ. ಇಲ್ಲಿನ ತರಬೇತಿಗಳಲ್ಲಿ ಫೋಟೋಗ್ರಫಿ ಮತ್ತು ವಿಡಿಯೋಗ್ರಫಿಯೂ ಒಂದು. ನಿಮ್ಮ ಜಿಲ್ಲೆಯ ಸಂಸ್ಥೆಯಲ್ಲಿ ಯಾವಾಗ ಇದೆ ಎಂದು ಲೀಡ್ ಬ್ಯಾಂಕಿನಲ್ಲಿ ವಿಚಾರಿಸಿ. ಹತ್ತನೇ ತರಗತಿ ಆದವರಿಗೆ ಐಟಿಐಯಲ್ಲಿ ಡಿಜಿಟಲ್ ಫೋಟೋಗ್ರಾಫರ್ ಎಂಬ ಕೋರ್ಸ್ ಇದೆ, ಆದರೆ ಎಲ್ಲ ಐಟಿಐಗಳಲ್ಲಿ ಸಿಗುವುದಿಲ್ಲ. ಪಿಯುಸಿ ಮುಗಿಸಿ ಪದವಿ ಓದುವವರಿಗೆ ಮೈಸೂರಿನ ‘ಕಾವಾ’ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಈ ವಿಷಯವಿದೆ. ಸಿನಿಮಾ ಕ್ಯಾಮೆರಾ ಕಲಿಯಲು ಬೆಂಗಳೂರು ಬಳಿ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ಪಿಯುಸಿ ಅರ್ಧಕ್ಕೆ ಬಿಟ್ಟರೆ ಈ ಬಾಗಿಲುಗಳಲ್ಲಿ ಕೆಲವು ಮುಚ್ಚಿಹೋಗುತ್ತವೆ ಎಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಿ.

ಎಚ್ಚರ ಬೇಕಾದ ಸಂಗತಿಗಳು

• ಯಾರದೇ ಫೋಟೋ ತೆಗೆಯುವ ಮೊದಲು ಕೇಳಬೇಕು. ಅದನ್ನು ವಾಟ್ಸಾಪ್, ಇನ್‌ಸ್ಟಾಗ್ರಾಮ್‌ಗೆ ಹಾಕುವ ಮೊದಲು ಮತ್ತೆ ಕೇಳಬೇಕು. ಚಿಕ್ಕ ಮಕ್ಕಳದ್ದಾದರೆ ತಂದೆ ತಾಯಿಯನ್ನು ಕೇಳಬೇಕು.
• ನಿಮ್ಮ ಫೋಟೋಗೆ ಬಹುಮಾನ ಬಂದಿದೆ, ಮೊದಲು ಹಣ ಕಳಿಸಿ ಎಂದು ಅಪರಿಚಿತರು ಹೇಳಿದರೆ ನಂಬಬೇಡಿ.
• ಹುಡುಗಿಯರು ಸ್ಟುಡಿಯೋದಲ್ಲಿ ಕಲಿಯಲು ಹೋಗುವುದಾದರೆ ತಾಯಿಯೂ ಒಮ್ಮೆ ಹೋಗಿ ನೋಡಿ ಬರಲಿ. ಯಾವ ಸಮಯಕ್ಕೆ ಮನೆಗೆ, ಯಾರ ಜೊತೆ ಎಂಬುದು ಮೊದಲೇ ತೀರ್ಮಾನವಾಗಲಿ.
• ಹಳೆ ಕ್ಯಾಮೆರಾ ಕೊಳ್ಳುವುದಾದರೆ ಗೊತ್ತಿದ್ದವರಿಂದ ಪರೀಕ್ಷೆ ಮಾಡಿಸಿ, ರಸೀದಿ ಕೇಳಿ.

ಆ ಸಂಘ ಏನು ತೀರ್ಮಾನಿಸಿತು?

ಸಾಲ ಇಲ್ಲ ಎಂದು ಬಾಗಿಲು ಮುಚ್ಚಲಿಲ್ಲ, ತಗೋ ಎಂದು ಕೊಡಲೂ ಇಲ್ಲ. ನಿರ್ಣಯ ಪುಸ್ತಕದಲ್ಲಿ ಹೀಗೆ ಬರೆದರು: ಹುಡುಗಿ ಪಿಯುಸಿ ಮುಗಿಸಬೇಕು. ಅಲ್ಲಿಯವರೆಗೆ ಸಂಘದ ಉಪ್ಪಿನಕಾಯಿ, ಹಪ್ಪಳದ ಫೋಟೋಗಳನ್ನು, ವಾರ್ಷಿಕ ಸಭೆಯ ಫೋಟೋಗಳನ್ನು ಅವಳೇ ತೆಗೆಯಬೇಕು. ಅದಕ್ಕೆ ಸಂಘ ಹಣ ಕೊಡಬೇಕು, ಪುಕ್ಕಟೆ ಮಾಡಿಸಬಾರದು. ಆ ಹಣ ಅವಳ ಖಾತೆಯಲ್ಲಿ ಉಳಿಯಬೇಕು. ತಿಂಗಳಿಗೊಮ್ಮೆ ಹತ್ತು ಫೋಟೋ ಸಭೆಗೆ ತರಬೇಕು, ಸದಸ್ಯೆಯರು ನೋಡಿ ಹೇಳಬೇಕು. ಹದಿನೆಂಟು ತುಂಬಿದ ಮೇಲೆ ತರಬೇತಿ, ಆಮೇಲೆ ಸಾಲದ ಮಾತು.

ಹುಡುಗಿ ಮೊದಲ ದಿನ ಅತ್ತಳು. ಎರಡನೇ ತಿಂಗಳು ಹತ್ತು ಫೋಟೋ ತಂದಳು. ಅದರಲ್ಲಿ ಮೂರನ್ನು ಸದಸ್ಯೆಯರು ಒಪ್ಪಲಿಲ್ಲ, ಯಾಕೆ ಎಂದೂ ಹೇಳಿದರು. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳು ಮುಂದೆ ಫೋಟೋಗ್ರಾಫರ್ ಆಗುತ್ತಾಳೋ, ಬೇರೇನೋ ಆಗುತ್ತಾಳೋ ನಾವು ಹೇಳಲಾರೆವು. ಆದರೆ ಈಗ “ಯಾರೂ ನೋಡೋದಿಲ್ಲ” ಎಂದು ಅವಳು ಹೇಳುವುದಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಮಕ್ಕಳು ಏನಾದರೂ ಮಾಡಿ ತೋರಿಸಿದಾಗ ನಾವು ನಿಜವಾಗಿ ನೋಡುತ್ತೇವೆಯೇ?
2. ಮಕ್ಕಳ ಆಸೆಗಾಗಿ ಸಾಲ ಕೊಡುವಾಗ ಸಂಘ ಏನೇನು ವಿಚಾರಿಸಬೇಕು?
3. ನಮ್ಮ ಊರಿನ ಮಕ್ಕಳ ಕೈಗೆ ಕೂಲಿ ಕೊಟ್ಟು ಒಪ್ಪಿಸಬಹುದಾದ ಸಣ್ಣ ಕೆಲಸ ಸಂಘದಲ್ಲಿ ಯಾವುದಿದೆ?