ನಿಮಗಿದು ಗೊತ್ತೆ? ಕೋಲಾರದ ದಾರಿ ಹಿಡಿದ ದಂಡು

ರಾಬರ್ಟ್‌ಸನ್‌ಪೇಟೆಯಿಂದ ಸುಮಾರು 30 ಕಿ.ಮೀ. ದೂರದ ಕೋಲಾರ, ಮೂರನೇ ಮೈಸೂರು ಯುದ್ಧದಲ್ಲಿ ದಂಡು ಸಾಗಿದ ದಾರಿಯಲ್ಲಿತ್ತು. 1791ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಆಂಬೂರಿನತ್ತ ಹೊರಟಂತೆ ತೋರಿಸಿದ. ಮೈಸೂರಿನ ದೊರೆ ಟಿಪ್ಪು ಸುಲ್ತಾನ್ ಅತ್ತಲಿನ ಘಟ್ಟಗಳನ್ನು ಕಾಯುತ್ತಿದ್ದಾಗ, ಕಂಪನಿಯ ದಂಡು ಚಿತ್ತೂರು ಕಡೆಯ ಮೊಗಲಿ ಘಟ್ಟ ಹತ್ತಿ ಕೋಲಾರ, ಹೊಸಕೋಟೆಗಳನ್ನು ಹಿಡಿಯಿತು. ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆಯೂ ಬಿತ್ತು.

ಆದರೆ ಆ ದಂಡನ್ನು ಮಣಿಸಿದ್ದು ಹಸಿವು. ಮೈಸೂರಿನವರು ದಾರಿಯುದ್ದಕ್ಕೂ ಮೇವು, ಧಾನ್ಯ ಸುಟ್ಟಿದ್ದರು. ಮೇ 15ರಂದು ಅರಕೆರೆಯ ಬಳಿ ಗೆದ್ದರೂ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ: ಎತ್ತುಗಳು ಸತ್ತಿದ್ದವು, ಅಕ್ಕಿ ಮುಗಿದಿತ್ತು. ದೊಡ್ಡ ಫಿರಂಗಿಗಳನ್ನು ತಾವೇ ನಾಶಮಾಡಿ ಹಿಂದಿರುಗಿದರು. ಕಂಪನಿಯ ಮಿತ್ರರಾಗಿದ್ದ ಮರಾಠರ ಸೇನೆ ಹತ್ತಿರದಲ್ಲೇ ಇತ್ತು. ಆ ಸುದ್ದಿ ಹೊತ್ತ ಹರಕಾರರನ್ನು ಟಿಪ್ಪುವಿನ ಸವಾರರು ತಡೆದದ್ದರಿಂದ ಹಿಂದಿರುಗಲು ಹೊರಡುವವರೆಗೂ ಕಾರ್ನ್‌ವಾಲಿಸ್‌ಗೆ ತಿಳಿಯಲೇ ಇಲ್ಲ! ಮರುವರ್ಷದ ಮುತ್ತಿಗೆಗೆ ಧಾನ್ಯ ಹೊತ್ತವರು ಎತ್ತಿನ ಹಿಂಡುಗಳ ಬಂಜಾರರು. ಇತಿಹಾಸದ ಪುಸ್ತಕಗಳಲ್ಲಿ ಅವರಿಗೆ ಇನ್ನೂ ಹೆಚ್ಚು ಜಾಗ ಸಿಗಬೇಕಿತ್ತು.

ಆ ಮುತ್ತಿಗೆಯ ಬಳಿಕ, 1792ರ ಒಪ್ಪಂದದಂತೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಕಂಪನಿಯ ಒತ್ತೆಯಾಳುಗಳಾದರು. ಬ್ರಿಟಿಷ್ ಚಿತ್ರಕಾರರು ಈ ದೃಶ್ಯವನ್ನು ಮತ್ತೆ ಮತ್ತೆ ಬರೆದು, ಕಾರ್ನ್‌ವಾಲಿಸ್‌ನನ್ನು ವಾತ್ಸಲ್ಯದ ತಂದೆಯಂತೆ ತೋರಿಸಿದರು. ಗೆದ್ದವರ ಪ್ರಚಾರಕ್ಕೆ ಮಕ್ಕಳನ್ನು ಬಳಸಿಕೊಂಡದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

1799ರಲ್ಲಿ ಟಿಪ್ಪು ಮಡಿದ. ಅನಂತರ, 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ರಾಬರ್ಟ್‌ಸನ್‌ಪೇಟೆ ಬಳಿಯ ಊರಿಗಾಂ, ಮಾರಿಕುಪ್ಪಂ ಸುತ್ತ ಚಿನ್ನದ ಸುದ್ದಿ ಕೇಳಿ, ಹಳ್ಳಿಗರಿಂದ ಮಣ್ಣು ತರಿಸಿ ತೊಳೆಸಿ ನೋಡಿದ.