ಶನಿವಾರ ಹೊರಟ ವಿಮಾನ ಸೋಮವಾರ ಬಂತು

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಊರಿದೆ. 2021ರ ಜನವರಿ 9, ಶನಿವಾರ. ರಾತ್ರಿ ಸುಮಾರು ಎಂಟೂವರೆಗೆ ಅಲ್ಲಿಂದ ಒಂದು ವಿಮಾನ ಬೆಂಗಳೂರಿಗೆ ಹೊರಟಿತು. ಅದನ್ನು ನಡೆಸಿದವರು ನಾಲ್ವರು ಪೈಲಟರು. ನಾಲ್ವರೂ ಹೆಂಗಸರೇ! ಮುಂದಾಳು ಜೋಯಾ ಅಗರ್ವಾಲ್. ನಡುವೆ ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲೆ ಹಾರಿ, ಸೋಮವಾರ ಬೆಳಗಿನ ಜಾವ ಬೆಂಗಳೂರಿಗೆ ಬಂದರು.

ಈ ಎರಡು ಊರಿಗೆ ನೇರ ದೂರ ಸುಮಾರು 14,000 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್. ಅಂದರೆ ಹುಬ್ಬಳ್ಳಿಗೆ 35 ಸಲ ಹೋದಷ್ಟು ದೂರ. ಗಾಳಿ, ಹವೆ ನೋಡಿಕೊಂಡು ಹೋಗುವುದರಿಂದ ವಿಮಾನದ ದಾರಿ ಇನ್ನೂ ಉದ್ದವಾಗುತ್ತದೆ.

ಅಮೆರಿಕಕ್ಕೆ ಧ್ರುವದ ಮೇಲೆ ಯಾಕಪ್ಪಾ ಹೋಗಬೇಕು? ಒಂದು ಕುಂಬಳಕಾಯಿ ತಗೊಳ್ಳಿ. ತೊಟ್ಟಿನ ಈಚೆಗೆ ಒಂದು ಚುಕ್ಕೆ, ಆಚೆಗೆ ಒಂದು ಚುಕ್ಕೆ ಇಡಿ. ಎರಡಕ್ಕೂ ದಾರ ಹಿಡಿದು ಅಳೆಯಿರಿ. ಹೊಟ್ಟೆ ಸುತ್ತಿಕೊಂಡು ಹೋದರೆ ದಾರ ಜಾಸ್ತಿ ಬೇಕು. ತೊಟ್ಟಿನ ಮೇಲೆ ಹೋದರೆ ಕಡಿಮೆ ಸಾಕು. ಭೂಮಿಯೂ ಹಾಗೇ ದುಂಡಗಿದೆ. ಗೋಡೆಯ ಮೇಲಿನ ಭೂಪಟ ಚಪ್ಪಟೆ, ಅದರಲ್ಲಿ ಇದು ಕಾಣುವುದಿಲ್ಲ.

ಈಗ ಲೆಕ್ಕ ಮಾಡೋಣ. ಶನಿವಾರ ರಾತ್ರಿ 8-30ಕ್ಕೆ ಹೊರಟು ಸೋಮವಾರ ಬೆಳಗಿನ ಜಾವ 3ಕ್ಕೆ ಬಂತು ಅಂತಿಟ್ಟುಕೊಳ್ಳಿ. ಬೆರಳು ಮಡಚಿ ಎಣಿಸಿದರೆ ಮೂವತ್ತೂವರೆ ಗಂಟೆ. ಆದರೆ ವಿಮಾನ ಹಾರಿದ್ದು ಸುಮಾರು 17 ಗಂಟೆ ಮಾತ್ರ. ಮಿಕ್ಕ ಹದಿಮೂರೂವರೆ ಗಂಟೆ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ನಮ್ಮಲ್ಲಿ ಹೊತ್ತು ಮೊದಲು ಹುಟ್ಟುತ್ತದೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಇದು ತಿಳಿಯದೆ ಎಷ್ಟೋ ಜನ ಗಾಬರಿಯಾಗುತ್ತಾರೆ.

ಹೋಗುವಾಗ ಇದರ ತದ್ವಿರುದ್ಧ. ಬೆಂಗಳೂರಿನಲ್ಲಿ ಮಧ್ಯಾಹ್ನ 2-30ಕ್ಕೆ ಹೊರಟು 16 ಗಂಟೆ ಹಾರಿದರೂ ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ 5 ಗಂಟೆ! ಪೂರ್ವಕ್ಕೆ ಹಾರುವ ವಿಮಾನಕ್ಕೆ ಮೇಲಿನ ಗಾಳಿ ಹಿಂದಿನಿಂದ ನೂಕುತ್ತದೆ. ಅದಕ್ಕೇ ಒಂದಿಷ್ಟು ಬೇಗ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ತಾಯಂದಿರು ಈಗ ಬೇಕಾದಷ್ಟು ಜನ. ಅಷ್ಟು ಹೊತ್ತು ಕೂತರೆ ಕಾಲು ಊದಿಕೊಳ್ಳುತ್ತದೆ. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು, ನೀರು ಕುಡಿಯಬೇಕು. ದಿನಾ ನುಂಗುವ ಮಾತ್ರೆ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಇಳಿಯುವ ತನಕ ಕೈಗೆ ಸಿಗುವುದಿಲ್ಲ.

ಊರಲ್ಲೇ ಇರುವವರಿಗೂ ಈ ಲೆಕ್ಕ ಬೇಕು. ಮಧ್ಯಾಹ್ನ ಕೆಲಸ ಮುಗಿಸಿ 2 ಗಂಟೆಗೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ. ಬಾಣಂತಿ ಆಗ ತಾನೇ ಕಣ್ಣು ಮುಚ್ಚಿರುತ್ತಾಳೆ. ಬೆಳಿಗ್ಗೆ 8ಕ್ಕೆ ಮಾಡಿ, ಅಲ್ಲಿ ಹಿಂದಿನ ದಿನ ಸಂಜೆ ಆರೂವರೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಗ ಏಳೂವರೆ.