ಖಾಲಿ ಬರುವ ಮಂಜಿ

ಮಂಗಳೂರಿನ ಹಳೇ ಬಂದರಿನ ದಕ್ಕೆಯಲ್ಲಿ ಬೆಳಗಾಗುವುದು ಮೂಗಿನಿಂದ. ಮೊದಲು ಮೀನು, ಆಮೇಲೆ ಡೀಸೆಲ್, ಸರಕು ಸಾಗಿಸುವ ಮರದ ಮಂಜಿಯ ಪಕ್ಕಕ್ಕೆ ಹೋದರೆ ಹಲಗೆಗೆ ಬಳಿದ ಮೀನೆಣ್ಣೆಯ ಘಾಟು. ಈ ಮಂಜಿ ಹೊರಟಿರುವುದು ಲಕ್ಷದ್ವೀಪದ ಅಮಿನಿ ದ್ವೀಪಕ್ಕೆ. ದಡದಿಂದ ಮಂಜಿಗೆ ಹಾಸಿದ ಹಲಗೆ ಪ್ರತಿ ಹೆಜ್ಜೆಗೂ ಬಗ್ಗಿ ಏಳುತ್ತದೆ. ತಲೆಗೆ ಸಿಂಬಿ ಇಟ್ಟು ಖಲಾಸಿಗಳು ಸಿಮೆಂಟು ಚೀಲ ಹೊತ್ತು ಒಬ್ಬರ ಹಿಂದೊಬ್ಬರು ಹತ್ತುತ್ತಿದ್ದಾರೆ. ಒಡಲಿನ ತಳಕ್ಕೆ ಜಲ್ಲಿ ಮತ್ತು ಹೊಯಿಗೆ, ಅದರ ಮೇಲೆ ಕಬ್ಬಿಣದ ಸರಳು, ಸಿಮೆಂಟು. ಮೇಲುಗಡೆ ನೀರುಳ್ಳಿ, ಬಟಾಟೆ, ಕುಂಬಳಕಾಯಿ, ಬಾಳೆಗೊನೆ, ಅಕ್ಕಿ. ಮೂಲೆಯಲ್ಲಿ ಕಟ್ಟಿದ ನಾಲ್ಕು ಆಡುಗಳು ಹಲಸಿನ ಎಲೆ ಮೆಲ್ಲುತ್ತಾ ನಿಂತಿವೆ.

ಹೊಯಿಗೆ ಕಂಡು ನಾನು ನಿಂತೆ. ಆ ದ್ವೀಪಗಳೇ ಹೊಯಿಗೆಯವು. ಹವಳದ ಪುಡಿ, ಚಿಪ್ಪಿನ ಪುಡಿ, ಹವಳ ಕೆರೆದು ತಿನ್ನುವ ಗಿಳಿಮೀನು ಹೊರಹಾಕಿದ ಬಿಳಿಯ ಹುಡಿ, ಇವೇ ಸಾವಿರಾರು ವರ್ಷ ಒಟ್ಟಾಗಿ ಅಮಿನಿಯಾಗಿವೆ, ಕವರತ್ತಿಯಾಗಿವೆ. ಅಲ್ಲಿನ ಮರಳು ತೆಗೆದರೆ ನೆಲವನ್ನೇ ತೆಗೆದಂತೆ, ಅದಕ್ಕಾಗಿ ತೆಗೆಯಲು ನಿಷೇಧ. ಆದ್ದರಿಂದ ನಮ್ಮ ಕರಾವಳಿಯ ಹೊಯಿಗೆ ಕಡಲು ದಾಟಿ ಹೋಗಿ ಅಲ್ಲಿ ಮನೆಯ ಗೋಡೆಯಾಗಬೇಕು.

ಮಂಜಿ ನಡೆಸುವ ತಂಡೇಲ ವಯಸ್ಸಾದ ಬ್ಯಾರಿ. ‘ಕಾಕ, ಬರುವಾಗ ಏನು ತರುತ್ತೀರಿ?’ ಎಂದು ಕೇಳಿದೆ.

‘ಕೊಬ್ಬರಿ ಇದ್ದರೆ ಕೊಬ್ಬರಿ. ಇಲ್ಲದಿದ್ದರೆ ಗಾಳಿ ಮಾತ್ರ ಮಾರಾಯ್ರೇ. ಹೋಗುವಾಗ ನೀರು ಇಲ್ಲಿಯವರೆಗೆ,’ ಎಂದು ಮಂಜಿಯ ಹೊಟ್ಟೆಯ ಮೇಲಿನ ಗುರುತು ತೋರಿಸಿದರು. ‘ಬರುವಾಗ ಅಗೋ ಅಲ್ಲಿಯವರೆಗೆ.’ ಎರಡು ಗುರುತುಗಳ ನಡುವೆ ಒಬ್ಬ ಹುಡುಗನ ಎತ್ತರದಷ್ಟು ಅಂತರ. ಆವತ್ತಿನಿಂದ ಲಕ್ಷದ್ವೀಪದ ಸುದ್ದಿ ಕೇಳಿದಾಗಲೆಲ್ಲ ನನಗೆ ಕಾಣುವುದು ಆ ಅಂತರವೇ.

ಹಿಂದೆ ಹೀಗಿರಲಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಇವು ಟಿಪ್ಪು ಸುಲ್ತಾನನ ಪತನವಾದ 1799ರಿಂದ 1956ರವರೆಗೆ ಮಂಗಳೂರಿನ ಆಡಳಿತದಲ್ಲಿದ್ದ ಅಮಿನ್‌ದಿವಿ ದ್ವೀಪಗಳು. ಅಮಿನಿಯಲ್ಲಿದ್ದ ಮಣೇಗಾರ ಮಂಗಳೂರಿನ ಕಲೆಕ್ಟರಿಗೆ ವರದಿ ಕಳಿಸುತ್ತಿದ್ದ. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ಕಡಲಂಚಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಸಿ, ಬಡಿದು, ಹುರಿ ಹೊಸೆಯುತ್ತಿದ್ದರು. ಆ ಹುರಿ ಮಂಗಳೂರಿಗೆ, ಇಲ್ಲಿನ ಅಕ್ಕಿ ಅಲ್ಲಿಗೆ. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿತ್ತು. ಬೆಲೆಯಲ್ಲಿ ನ್ಯಾಯವಿತ್ತೆಂದು ನಾನು ಹೇಳಲಾರೆ. ಆದರೆ ಹಾಯಿ ಹಡಗು ಬರುವಾಗಲೂ ಹೋಗುವಾಗಲೂ ತುಂಬಿರುತ್ತಿತ್ತು.

*

ಗಾಳಿ ಕೂಡಿ ಬಂದರೆ ದ್ವೀಪಗಳಿಗೆ ಒಂದೂವರೆ ದಿನದ ದಾರಿ. ಅಳಿವೆ ಬಾಗಿಲು ದಾಟಿದ ಮೇಲೆ ನೀರು ಕಂದಿನಿಂದ ಹಸಿರಿಗೆ, ಹಸಿರಿನಿಂದ ಕಪ್ಪು ನೀಲಿಗೆ ತಿರುಗುತ್ತದೆ. ಕಡೆಗೆ ದಿಗಂತದಲ್ಲಿ ತೆಂಗಿನ ತಲೆಗಳು ಮಾತ್ರ ಕಾಣುತ್ತವೆ, ಕೆಳಗೆ ನೆಲವೇ ಇಲ್ಲದಂತೆ. ಸಮುದ್ರ ಮಟ್ಟದಿಂದ ಒಂದೆರಡು ಮೀಟರ್ ಎತ್ತರದ ನೆಲ ಇನ್ನು ಹೇಗೆ ಕಂಡೀತು? ಸರಕಾರಿ ಲೆಕ್ಕದ ಮೂವತ್ತಾರು ದ್ವೀಪ ಕೂಡಿದರೂ 32 ಚದರ ಕಿಲೋಮೀಟರ್, ಮಂಗಳೂರು ನಗರದ ಕಾಲು ಭಾಗದಷ್ಟು. ಅದರಲ್ಲಿ ಜನರಿರುವುದು ಹತ್ತರಲ್ಲಿ. 2011ರ ಗಣತಿಯಂತೆ 64,473 ಮಂದಿ.

ಕವರತ್ತಿಯಲ್ಲಿ ಒಂದು ಮನೆಯ ಹಿತ್ತಲ ಬಾವಿಗೆ ಬಗ್ಗಿ ನೋಡಿದೆ. ಎರಡು ಆಳಿನ ಆಳವೂ ಇಲ್ಲ. ಹವಳದ ಕಲ್ಲಿನ ಕಟ್ಟೆ, ತಳದಲ್ಲಿ ತಿಳಿನೀರು, ಅದರಲ್ಲಿ ತೆಂಗಿನ ಗರಿಯ ನೆರಳು. ಮನೆಯ ಉಮ್ಮ ಕೊಡಪಾನ ಇಳಿಸಲು ಬಂದರು. ಬ್ಯಾರಿ ಭಾಷೆ ಬಲ್ಲ ಕಿವಿಗೆ ಅವರ ಜೆಸರಿ ಮಾತು ತೀರ ದೂರದ್ದಲ್ಲ. ಬೆಳಿಗ್ಗೆ ನೋಡಿದ ಗುರುತಿಗಿಂತ ನೀರು ಒಂದು ಗೇಣು ಮೇಲೆ ಬಂದಿತ್ತು. ‘ಕಡಲು ಏರಿದರೆ ಬಾವಿಯೂ ಏರುತ್ತದೆ ಮಗಾ,’ ಎಂದರು.

ಮಳೆಯ ನೀರು ಹವಳದ ಹೊಯಿಗೆಯಲ್ಲಿ ಇಳಿದು, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ಹಗುರವಾಗಿ ತೇಲುತ್ತದೆ, ಗಂಜಿಯ ಮೇಲೆ ತಿಳಿ ನಿಂತ ಹಾಗೆ. ಬಾವಿಯಲ್ಲಿ ಸಿಗುವ ಕುಡಿಯುವ ನೀರೆಂದರೆ ಆ ತಿಳಿಯೇ. ಕೊಡಪಾನದಲ್ಲಿ ಮೊಗೆದರೆ ಅದು ತಾಳಿಕೊಳ್ಳುತ್ತದೆ. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆದ್ದು ಬರುತ್ತದೆ. ಪಕ್ಕದಲ್ಲಿ ಕಕ್ಕಸಿನ ಗುಂಡಿ ತೋಡಿದರೆ ಅದರ ಕೊಳೆ ತಡೆಯಲು ಮಣ್ಣಿನ ಪದರವೇ ಇಲ್ಲ. ಇಲ್ಲಿ ಎಷ್ಟು ಕೋಣೆಯ ಹೋಟೆಲು ಕಟ್ಟಬಹುದು, ಎಷ್ಟು ಜನ ಬಂದುಹೋಗಬಹುದು ಎಂಬ ಲೆಕ್ಕ ಶುರುವಾಗಬೇಕಾದ್ದು ಈ ಬಾವಿಯ ತಳದಿಂದ.

2005ರಲ್ಲಿ ಕವರತ್ತಿಯಲ್ಲಿ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕಡಲ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿದರು. ಅದರ ಕೆಲಸ ಕೇಳಿ ನನಗೆ ಮೈ ಜುಂ ಎಂದಿತು. ಮೇಲಿನ ನೀರು ಸುಮಾರು 28 ಡಿಗ್ರಿ ಬೆಚ್ಚಗೆ. ಸುಮಾರು 350 ಮೀಟರ್ ಆಳದಿಂದ ಕೊಳವೆಯಲ್ಲಿ ಎಳೆದ ನೀರು ಮಣ್ಣಿನ ಹೂಜಿಯದಕ್ಕಿಂತ ತಣ್ಣಗೆ. ಬೆಚ್ಚನೆಯ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಟ್ಟರೆ ಬೆಂಕಿಯಿಲ್ಲದೆ ಅದರಲ್ಲಿ ಸ್ವಲ್ಪ ಭಾಗ ಆವಿಯಾಗುತ್ತದೆ. ಆ ಆವಿ ತಣ್ಣೀರು ಹರಿಯುವ ಕೊಳವೆಗೆ ತಾಗಿ ಸಿಹಿನೀರಾಗಿ ತೊಟ್ಟಿಕ್ಕುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರ್. 2011ರಲ್ಲಿ ಮಿನಿಕಾಯ್, ಅಗತ್ತಿಗಳಲ್ಲೂ ಇಂಥವು ಬಂದವು. ದ್ವೀಪದ ಬುಡದಲ್ಲೇ ಕಡಲು ತಟ್ಟನೆ ಆಳಕ್ಕಿಳಿಯುವುದರಿಂದ ಇದು ಅಲ್ಲಿ ಸಾಧ್ಯ. ದ್ವೀಪದ ಕಷ್ಟಕ್ಕೆ ದ್ವೀಪದ ಗುಣದಲ್ಲೇ ಮದ್ದು ಹುಡುಕಿದ ಈ ಕೆಲಸದ ಬಗ್ಗೆ ನನಗೆ ಬಹಳ ಗೌರವ. ಆದರೆ ಅದರ ಪಂಪು ತಿರುಗಿಸುವ ಕರೆಂಟು ಬಂದದ್ದು ಬಹುಪಾಲು ಡೀಸೆಲಿನಿಂದ, ಆ ಡೀಸೆಲು ಬಂದದ್ದು ಕಡಲಾಚೆಯಿಂದ. 2024ರಲ್ಲಿ ಕವರತ್ತಿಗೆ 1.7 ಮೆಗಾವ್ಯಾಟಿನ ಸೌರಘಟಕ ಬ್ಯಾಟರಿ ಸಮೇತ ಬಂದಿದೆ. ಎಷ್ಟು ಪೀಪಾಯಿ ಡೀಸೆಲ್ ಉಳಿಯಿತೋ ದ್ವೀಪದ ಹೆಗಲು ಅಷ್ಟು ಹಗುರ.

*

ದಕ್ಷಿಣದ ತುದಿಯ ಮಿನಿಕಾಯ್ ಬೇರೆಯೇ ಲೋಕ. ಮಾತು ಮಹಲ್, ಮಾಲ್ದೀವ್ಸಿನ ಭಾಷೆಯ ಒಡಹುಟ್ಟು. ಪ್ರತಿ ಊರಿಗೂ ಗಂಡಸರ ಮುಖಂಡ ಬೊಡುಕಾಕ, ಹೆಂಗಸರಿಗೆ ಬೊಡುದಾತ. ಅಲ್ಲಿನ ಸೂರೆ (ಟ್ಯೂನಾ) ಮೀನಿನ ಬೇಟೆ ನೋಡದವರು ಮಿತವೆಂದರೇನೆಂದು ಕಣ್ಣಾರೆ ಕಂಡವರಲ್ಲ ಎನ್ನುತ್ತೇನೆ. ಹಿನ್ನೀರಿನ ಹವಳದ ಸಂದಿಯಲ್ಲಿ ಚಿಕ್ಕ ಮೀನುಗಳನ್ನು ಬಲೆಯೆತ್ತಿ ಜೀವಂತ ಹಿಡಿದು ದೋಣಿಯ ನೀರುಗೂಡಿನಲ್ಲಿ ಇಟ್ಟುಕೊಳ್ಳುತ್ತಾರೆ. ಹೊರಗಡಲಲ್ಲಿ ಸೂರೆಯ ಹಿಂಡು ಕಂಡೊಡನೆ ಆ ಮೀನನ್ನು ಬೊಗಸೆಯಲ್ಲಿ ಎರಚುತ್ತಾರೆ, ಕಡಲ ಮೇಲೆ ಮಳೆ ಹೊಯ್ದಂತೆ ನೀರು ಚಿಮುಕಿಸುತ್ತಾರೆ. ಹಿಂಬದಿಯಲ್ಲಿ ಸಾಲಾಗಿ ನಿಂತವರ ಕೈಯಲ್ಲಿ ಬರಿ ಗಳ, ದಾರ, ಮರುಮುಳ್ಳಿಲ್ಲದ ಗಾಳ. ಗಳ ಎತ್ತಿದ ರಭಸಕ್ಕೆ ಮೀನು ತಲೆಯ ಮೇಲಿಂದ ಹಾರಿ ಹಲಗೆಗೆ ದಬ್ಬೆಂದು ಬಿದ್ದು ತಾನೇ ಕಳಚಿಕೊಳ್ಳುತ್ತದೆ. ಒಂದು ಗಾಳಕ್ಕೆ ಒಂದು ಮೀನು. ಆಮೆ, ಡಾಲ್ಫಿನ್ ಸಿಕ್ಕಿ ಸಾಯುವ ಬಲೆ ಇಲ್ಲಿಲ್ಲ. ದಡದಲ್ಲಿ ಆ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದರೆ ಮಾಸ್, ಮರದ ತುಂಡಿನಷ್ಟು ಗಟ್ಟಿ.

ಇದೆಲ್ಲ ನಿಂತಿರುವುದು ಆ ಚಿಕ್ಕ ಮೀನಿನ ಮೇಲೆ, ಚಿಕ್ಕ ಮೀನು ಹವಳದ ಮೇಲೆ. ಹವಳ 1998ರಲ್ಲಿ ಕಡಲು ಕಾದು ಬೆಳ್ಳಗಾಯಿತು, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಬಿಳಿಚಿತು. ಅಲೆಗೆ ಎದೆಯೊಡ್ಡುವುದು ಆ ಹವಳದ ದಂಡೆ. ಅದು ಸತ್ತು ಸವೆದರೆ ಅಲೆ ನೇರ ಅಂಗಳಕ್ಕೇ. ಬಂಗಾರಂ ಬಳಿಯ ಜನವಿಲ್ಲದ ಪರಳಿ-1 ಎಂಬ ಪುಟ್ಟ ದ್ವೀಪ 1968ರ ನಕ್ಷೆಯಲ್ಲಿತ್ತು. ಅದು ಪೂರ್ತಿ ಕೊಚ್ಚಿಹೋಗಿದೆ ಎಂದು 2017ರಲ್ಲಿ ಸಂಶೋಧಕರು ಹೇಳಿದರು.

ಈ ನಾಜೂಕನ್ನು ಅರಿತವರು ನಮ್ಮಲ್ಲಿ ಇಲ್ಲದಿಲ್ಲ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ಸುಪ್ರೀಂ ಕೋರ್ಟಿಗೆ ಹೋದ ಆರ್.ವಿ. ರವೀಂದ್ರನ್ ಅವರ ಸಮಿತಿ 2014ರಲ್ಲಿ ಲಕ್ಷದ್ವೀಪದ ಬಗ್ಗೆ ವರದಿ ಕೊಟ್ಟಿತು. ಪ್ರತಿ ದ್ವೀಪಕ್ಕೂ ಅದರದೇ ನಿರ್ವಹಣಾ ಯೋಜನೆ, ಅಲ್ಲಿನ ಚುನಾಯಿತ ಪಂಚಾಯತಿಯೊಡನೆ ಸಮಾಲೋಚನೆ ಎಂಬ ದಾರಿಯನ್ನು ಅದು ಎತ್ತಿಹಿಡಿಯಿತು. ಅಲ್ಲಿ ಏನೇ ಕಟ್ಟುವವರೂ ಮೊದಲು ಆ ಉಮ್ಮನನ್ನು ಕೇಳಲಿ, ಬೊಡುದಾತನನ್ನು ಕೇಳಲಿ. ನೀರು ಯಾವಾಗ ಉಪ್ಪಾಗುತ್ತದೆಂದು ಅವರಿಗೆ ಗೊತ್ತು.

*

ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳಿಗೆ ಕಡಲು ಮುಚ್ಚಿರುತ್ತದೆ. ಅದಕ್ಕೆ ನಾಲ್ಕು ದಿನ ಮೊದಲು ದಕ್ಕೆಗೆ ಮತ್ತೆ ಹೋದೆ. ಅಮಿನಿಯ ಮಂಜಿ ಬಂದು ನಿಂತಿತ್ತು. ಹೊಟ್ಟೆಯ ಮೇಲಿನ ಗುರುತು ನೀರಿನಿಂದ ಬಹಳ ಮೇಲೆ. ಇಳಿಸಿದ್ದು ಹನ್ನೆರಡು ಚೀಲ ಕೊಬ್ಬರಿ, ಎರಡು ಕ್ಯಾನು ಸುರ್ಕ ಎಂಬ ತೆಂಗಿನ ವಿನೆಗರ್. ದ್ವೀಪಕ್ಕೆ ಹೋದ ಪ್ಲಾಸ್ಟಿಕ್ ಬಾಟಲಿ, ಹಾಳಾದ ಬ್ಯಾಟರಿ, ತಗಡು, ಯಾವುದೂ ಮರಳಿ ಬರುವುದನ್ನು ಆ ದಿನವೂ ಕಾಣಲಿಲ್ಲ. ಇಷ್ಟು ದೊಡ್ಡ ಒಡಲು ಬರಿದೇ ಬರುತ್ತದೆ, ಅದರಲ್ಲಿ ಬಾಡಿಗೆ ಕೊಟ್ಟು ಕಸ ತರಿಸುವವರು ಬೇಕು, ಹುರಿಯನ್ನೂ ಮಾಸನ್ನೂ ನ್ಯಾಯವಾದ ಬೆಲೆಗೆ ಕೊಳ್ಳುವವರು ಬೇಕು.

ಕಾಕ ಒಂದು ಡಬ್ಬಿ ಕೈಗಿಟ್ಟರು. ದ್ವೀಪದ ನೀರಾ ಕಾಸಿ ಮಾಡಿದ ಬೆಲ್ಲ, ಕಪ್ಪಗೆ, ಜೇನಿಗಿಂತ ಗಟ್ಟಿ, ನಾಲಗೆಯ ತುದಿಗೆ ಸಣ್ಣಗೆ ಹೊಗೆಯ ರುಚಿ. ‘ಇನ್ನು ಸಿಗುತ್ತದಾ ಕಾಕ?’ ಎಂದೆ.

‘ಕೇಳುವವರಿದ್ದರೆ ತರುತ್ತೇನೆ. ಜಾಗ ಇದೆಯಲ್ಲ,’ ಎಂದು ಒಡಲಿನತ್ತ ಕೈಮಾಡಿದರು. ಖಲಾಸಿಯೊಬ್ಬ ಅಲ್ಲಿ ಕೆಳಗೆ ಒಬ್ಬನೇ ನಿಂತು ಕಡ್ಡಿಪೊರಕೆಯಿಂದ ಗುಡಿಸುತ್ತಿದ್ದ. ಆ ಸದ್ದು ಇಡೀ ಮಂಜಿಯಲ್ಲಿ ಮೊಳಗುತ್ತಿತ್ತು.